ಎಡಗಿವಿಗೊಂದು ಕೆಪಾಸಿಟರ್

ಇಂದು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದು ಕೆಪಾಸಿಟರ್ ಕೊಂಡೆ, ಮೇಲಿನ ಸ್ವರಗಳನ್ನಷ್ಟೇ ಸಲೀಸಾಗಿ ಬಿಡುವ ಪುಟ್ಟ ಬಿಡಿಭಾಗ. 47 ನ್ಯಾನೋಫ್ಯಾರಡ್‌ನದು, ಹುಣಸೆಬೀಜದಷ್ಟಿದೆ.
"ಒಂದೇ ಸಾಕೇ ಸರ್? ಸ್ಟೀರಿಯೋಗೆ ಎರಡು ಬೇಕಲ್ಲ" ಎಂದರು ಅಂಗಡಿಯವರು.
ಸಾಕು ಎಂದೆ. ಕೆಟ್ಟಿರುವುದು ಒಂದೇ ಕಿವಿ.

ಕಿವಿ ಪರೀಕ್ಷೆಯ ನಕ್ಷೆ ಆಡಿಯೋಗ್ರಾಂನಲ್ಲಿ ಬಲಗಿವಿಯ ಗೆರೆ ನೆಟ್ಟಗಿದೆ. ಎಡಗಿವಿಯದು 3,000 ಹರ್ಟ್ಸ್ ದಾಟಿದೊಡನೆ ಘಾಟಿ ಇಳಿಯುತ್ತದೆ. ಬ್ಯಾಲೆನ್ಸ್ ಗುಂಡಿ ತಿರುಗಿಸಿದರೆ ತಗ್ಗು ಸ್ವರದ ಮದ್ದಳೆಯೂ ಎಡಕ್ಕೇ ವಾಲುತ್ತದೆ, ಪ್ರಯೋಜನವಿಲ್ಲ.

ಮನೆಯಲ್ಲೇ ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರ್ ಬಿಚ್ಚಿದೆ. ಎಡ ಚಾನೆಲ್‌ನ ಫೀಡ್‌ಬ್ಯಾಕ್‌ನಲ್ಲಿ ಗ್ರೌಂಡ್‌ಗೆ ಇಳಿಯುವ 1 ಕಿಲೋಓಮ್ ರೆಸಿಸ್ಟರ್ ಇದೆಯಲ್ಲ (ಅಲ್ಲಿ ತಡೆ ಇಳಿದಷ್ಟೂ ದನಿ ಏರುತ್ತದೆ), ಅದರ ಮಗ್ಗುಲಿಗೆ ಅಷ್ಟೇ ಬೆಲೆಯ ಇನ್ನೊಂದನ್ನು ಈ ಕೆಪಾಸಿಟರ್ ಜೊತೆ ಸರಣಿಯಲ್ಲಿ ಬೆಸೆದೆ. ಕೆಪಾಸಿಟರ್ ದಾಟುವ ಮೇಲಿನ ಸ್ವರಗಳಿಗೆ ತಡೆ ಅರ್ಧವಾಗಿ, ಅವಷ್ಟೇ ಸುಮಾರು 6 ಡೆಸಿಬೆಲ್ ಏರುತ್ತವೆ. (ಹೆಬ್ಬೆರಳು ಸುಟ್ಟಿತು, ಅದಿರಲಿ.)

ಹಳೆಯ ಯಕ್ಷಗಾನದ ರೆಕಾರ್ಡಿಂಗ್ ಹಾಕಿದೆ. ಭಾಗವತರ ಜಾಗಟೆಯ ಕಣಕಣ ಇಷ್ಟು ವರ್ಷ ನನ್ನ ಬಲಭುಜದ ಮೇಲೆ ಕುಳಿತಿತ್ತು. ಇಂದು ಎದ್ದು ಬಂದು ನಡುಹಣೆಯಲ್ಲಿ ನಿಂತಿತು. ಪಾಪ, ರೆಕಾರ್ಡಿಂಗ್ ಮಾಡಿದವರನ್ನು ಎಷ್ಟು ಬೈದಿದ್ದೆನೋ!

ಹೆಡ್‌ಫೋನ್ ಹೆಂಡತಿಗೆ ಕೊಟ್ಟೆ. "ಎಡಗಡೆ ಯಾಕೆ ಇಷ್ಟು ಕೀರಲು?" ಎಂದು ತೆಗೆದಿಟ್ಟಳು.
ಡಬ್ಬಿಯ ಮೇಲೆ ನನ್ನ ಹೆಸರು ಬರೆದಿದ್ದೇನೆ.