ಕಚೇರಿಗೆ ಇಂಟರ್ನೆಟ್ ಫೋನ್ ವ್ಯವಸ್ಥೆ: ಆಯ್ಕೆಯ ಕೆಲಸ ಇಲ್ಲಿಯವರೆಗೆ

ಒಳಗಿನ ಮತ್ತು ಹೊರಗಿನ ಕರೆಗಳನ್ನು ಜೋಡಿಸುವ ಹಳೆಯ ಪಿಬಿಎಕ್ಸ್ ಯಂತ್ರಕ್ಕೆ ಬಿಡಿಭಾಗಗಳು ಸಿಗುವುದು ನಿಂತುಹೋದ ಮೇಲೆ, ಕಚೇರಿಯ ದೂರವಾಣಿಯನ್ನು ಇಂಟರ್ನೆಟ್ ಮೂಲಕ ನಡೆಸುವ ವ್ಯವಸ್ಥೆಯೊಂದನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಮಾರಾಟಗಾರರು ಕಳಿಸಿದ ಪಟ್ಟಿಗಳಲ್ಲಿ ಕರೆಗಳ ಧ್ವನಿಮುದ್ರಣ, ವಾಯ್ಸ್‌ಮೇಲ್, ಕಾಯುವವರಿಗೆ ಸಂಗೀತ ಮುಂತಾದ ಸೌಲಭ್ಯಗಳು ಎಲ್ಲೆಡೆ ಒಂದೇ ತೆರನಾಗಿದ್ದವು. ಆದ್ದರಿಂದ ಅವನ್ನು ಬದಿಗಿಟ್ಟು, ನಮ್ಮ ಸಂಪರ್ಕ ಎಷ್ಟು ಕರೆಗಳನ್ನು ಹೊರಬಲ್ಲದು, ಆ ಸಂಪರ್ಕ ಕಡಿದುಹೋದಾಗ ಕರೆಗಳು ಎಲ್ಲಿಗೆ ಹೋಗುತ್ತವೆ ಎಂಬ ಎರಡು ಪ್ರಶ್ನೆಗಳಿಂದ ಕೆಲಸ ಆರಂಭಿಸಿದೆ.

ಅಳತೆ

ಎಷ್ಟು ಫೋನುಗಳಿವೆ ಎಂಬುದಕ್ಕಿಂತ ಏಕಕಾಲದಲ್ಲಿ ಎಷ್ಟು ಕರೆಗಳು ನಡೆಯುತ್ತವೆ ಎಂಬುದು ಮುಖ್ಯ. ಹಳೆಯ ಯಂತ್ರದ ಕರೆ ದಾಖಲೆಗಳನ್ನು ತೆಗೆದು ನೋಡಿದಾಗ, 30 ಎಕ್ಸ್‌ಟೆನ್ಷನ್‌ಗಳು, ಅಂದರೆ ಒಳಗಿನ ಫೋನ್ ಸಂಖ್ಯೆಗಳು, ಇದ್ದರೂ ಅತ್ಯಂತ ಬಿಡುವಿಲ್ಲದ ಗಂಟೆಯಲ್ಲೂ ಹೊರಗಿನೊಂದಿಗೆ 8ಕ್ಕಿಂತ ಹೆಚ್ಚು ಕರೆಗಳು ಒಟ್ಟಿಗೆ ನಡೆದಿರಲಿಲ್ಲ.

ಧ್ವನಿಯನ್ನು ಅಂಕೀಯ ರೂಪಕ್ಕೆ ತರುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಜಿ.711 ಕೋಡೆಕ್‌ನಲ್ಲಿ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು. ಸಾಮಾನ್ಯ ರೂಢಿಯಂತೆ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ (ದತ್ತಾಂಶದ ಸಣ್ಣ ಕಟ್ಟು) ಹೊರಟರೆ ಪ್ರತಿಯೊಂದರಲ್ಲೂ 160 ಬೈಟ್ ಧ್ವನಿ ಇರುತ್ತದೆ. ಅದರ ಮೇಲೆ ಐಪಿ, ಯುಡಿಪಿ ಮತ್ತು ಆರ್‌ಟಿಪಿ ಎಂಬ ಸಾಗಣೆ ನಿಯಮಗಳ ಹೆಡರ್, ಅಂದರೆ ವಿಳಾಸ ಮುಂತಾದವುಗಳ ತಲೆಬರಹ, ಸೇರಿ 40 ಬೈಟ್. ಹೀಗೆ ಒಂದು ಕರೆಗೆ ಒಂದು ದಿಕ್ಕಿನಲ್ಲಿ 80 ಕಿಲೋಬಿಟ್, ಈಥರ್ನೆಟ್ ಚೌಕಟ್ಟನ್ನೂ ಸೇರಿಸಿದರೆ ಸುಮಾರು 87 ಕಿಲೋಬಿಟ್ ಆಗುತ್ತದೆ. ಜಿ.729 ಎಂಬ ಇನ್ನೊಂದು ಕೋಡೆಕ್ ಧ್ವನಿಯನ್ನು 8 ಕಿಲೋಬಿಟ್‌ಗೆ ಕುಗ್ಗಿಸುತ್ತದೆ ಎಂಬುದು ನಿಜವೇ ಆದರೂ, ಅಲ್ಲಿ 20 ಬೈಟ್ ಧ್ವನಿಗೆ ಅದೇ 40 ಬೈಟ್ ಹೆಡರ್. ಮೂಗಿಗಿಂತ ಮೂಗುತಿ ಭಾರ. ಎಂಟು ಕರೆಗಳಿಗೆ ಜಿ.711 ಬಳಸಿದರೂ ಸುಮಾರು 700 ಕಿಲೋಬಿಟ್ ಸಾಕಾಗುವುದರಿಂದ ಕುಗ್ಗಿಸುವ ಗೋಜಿಗೆ ಹೋಗಲಿಲ್ಲ.

ಹಾಗಾದರೆ ಬ್ಯಾಂಡ್‌ವಿಡ್ತ್ ತೊಡಕಲ್ಲ, ವಿಳಂಬವೇ ತೊಡಕು. ಜಾಲ ಖಾಲಿಯಿದ್ದಾಗ ಪಿಂಗ್, ಅಂದರೆ ಪ್ಯಾಕೆಟ್ ಹೋಗಿ ಉತ್ತರ ಬರಲು ಹಿಡಿಯುವ ಸಮಯ, ಅಚ್ಚುಕಟ್ಟಾಗಿತ್ತು. ಅದೇ ಹೊತ್ತಿಗೆ ದೊಡ್ಡ ಬ್ಯಾಕಪ್ ಒಂದನ್ನು ಅಪ್‌ಲೋಡ್ ಮಾಡಲು ಹಚ್ಚಿದ ಕೂಡಲೇ ಅದು ನೂರಾರು ಮಿಲಿಸೆಕೆಂಡುಗಳಿಗೆ ಏರಿತು. ಮಾತುಕತೆ ಸಹಜವಾಗಿ ಸಾಗಲು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಜಿ.114 ಶಿಫಾರಸು ಹೇಳುತ್ತದೆ. ಅದು ಮೀರುತ್ತ ಹೋದಂತೆ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ಆರಂಭಿಸುವ ಫಜೀತಿ ಶುರುವಾಗುತ್ತದೆ. ಯಾವ ಕಂಪನಿಯ ಸೇವೆ ಕೊಂಡರೂ ಈ ದೋಷ ಹೊರಹೋಗುವ ನಮ್ಮ ಸಂಪರ್ಕದಲ್ಲೇ ಉಳಿಯುವುದರಿಂದ ಮೊದಲು ಅದನ್ನೇ ಸರಿಪಡಿಸಬೇಕಾಯಿತು.

ರೂಟರ್

ಮೋಡೆಮ್‌ನಲ್ಲಿ ಪ್ಯಾಕೆಟ್‌ಗಳ ಸಾಲು ಬೆಳೆಯುವುದೇ ವಿಳಂಬಕ್ಕೆ ಕಾರಣ. ರೂಟರ್‌ನಲ್ಲಿ ಅಪ್‌ಲೋಡ್ ವೇಗವನ್ನು ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗೆ ಮಿತಿಗೊಳಿಸಿ, ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಎಫ್‌ಕ್ಯು-ಕೋಡೆಲ್ ವಿಧಾನವನ್ನು ಜಾರಿಗೊಳಿಸಿದಾಗ ಸಾಲು ಮೋಡೆಮ್‌ನಿಂದ ರೂಟರ್‌ಗೆ, ಅಂದರೆ ನಾವು ನಿಯಂತ್ರಿಸಬಲ್ಲ ಜಾಗಕ್ಕೆ ಬಂದಿತು. ಈಗ ಬ್ಯಾಕಪ್ ನಡೆಯುವಾಗಲೂ ಪಿಂಗ್ ಹೆಚ್ಚು ಅಲುಗಾಡುವುದಿಲ್ಲ. ಇಡೀ ಯೋಜನೆಯಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಟ್ಟ ಕೆಲಸವೆಂದರೆ ಇದೇ.

ಇಂಟರ್ನೆಟ್ ಕರೆಗಳನ್ನು ಜೋಡಿಸುವ ಸಂದೇಶಗಳ ನಿಯಮಕ್ಕೆ ಸಿಪ್ ಎಂದು ಹೆಸರು. ರೂಟರ್‌ನಲ್ಲಿರುವ ಸಿಪ್ ಎಎಲ್‌ಜಿ ಎಂಬ ಸೌಲಭ್ಯವನ್ನು ಆಫ್ ಮಾಡಿದೆ. ಖಾಸಗಿ ಐಪಿ ವಿಳಾಸಗಳನ್ನು ಸಾರ್ವಜನಿಕ ವಿಳಾಸಕ್ಕೆ ಬದಲಿಸಿ ನೆರವಾಗಬೇಕಾದ ಅದು ಹಲವು ರೂಟರ್‌ಗಳಲ್ಲಿ ಸಂದೇಶಗಳನ್ನೇ ಕೆಡಿಸಿಬಿಡುತ್ತದೆ. ಒಬ್ಬರಿಗೆ ಮಾತ್ರ ಧ್ವನಿ ಕೇಳಿಸುವ ಕರೆಗಳ ಹಿಂದೆ ಬಹಳ ಸಲ ಇರುವುದು ಇದರ ಉಪಕಾರವೇ.

ಸ್ವಂತದ್ದೋ, ಬಾಡಿಗೆಯದೋ

ಕಂಪನಿಯೊಂದರ ಸರ್ವರ್‌ನಲ್ಲಿ ನಡೆಯುವ ಬಾಡಿಗೆಯ ಕ್ಲೌಡ್ ಪಿಬಿಎಕ್ಸ್‌ಗೆ ಸಾಮಾನ್ಯವಾಗಿ ಎಕ್ಸ್‌ಟೆನ್ಷನ್ ಲೆಕ್ಕದಲ್ಲಿ ತಿಂಗಳ ಶುಲ್ಕ, ಸ್ವಂತ ಪಿಬಿಎಕ್ಸ್ ಅನ್ನು ಹೊರಗಿನ ದೂರವಾಣಿ ಜಾಲಕ್ಕೆ ಜೋಡಿಸುವ ಸಿಪ್ ಟ್ರಂಕ್‌ಗೆ ಏಕಕಾಲದ ಕರೆಗಳ, ಅಂದರೆ ಚಾನೆಲ್‌ಗಳ, ಲೆಕ್ಕದಲ್ಲಿ. ಮೂವತ್ತು ಎಕ್ಸ್‌ಟೆನ್ಷನ್‌ಗಳಿದ್ದು ಎಂಟೇ ಚಾನೆಲ್ ಬೇಕಿರುವ ನಮ್ಮಂಥವರಿಗೆ ಎರಡನೆಯದು ಅಗ್ಗ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಆರಂಭಿಸಿದ ಆಸ್ಟರಿಸ್ಕ್ ಎಂಬ ಮುಕ್ತ ಪಿಬಿಎಕ್ಸ್ ತಂತ್ರಾಂಶವನ್ನು ಕಚೇರಿಯ ಸರ್ವರ್‌ನಲ್ಲಿ ಸ್ಥಾಪಿಸಿ, ಹೊರಗಿನ ಕರೆಗಳಿಗೆ ಟ್ರಂಕ್ ಪಡೆಯುವುದೆಂದು ನಿರ್ಧರಿಸಿದೆ. ಇಂಟರ್ನೆಟ್ ನಿಂತರೂ ಒಳಗಿನ ಕರೆಗಳು ನಡೆಯುತ್ತವೆ ಎಂಬುದು ಇನ್ನೊಂದು ಲಾಭ. ಸಿಬ್ಬಂದಿ ಹಲವು ಊರುಗಳಲ್ಲಿ ಚದುರಿದ್ದರೆ, ಅಥವಾ ಸರ್ವರ್ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ಬಾಡಿಗೆಯದನ್ನೇ ಆರಿಸುತ್ತಿದ್ದೆ.

ಸ್ವಂತ ವ್ಯವಸ್ಥೆಯ ದೊಡ್ಡ ಅಪಾಯವೆಂದರೆ ಕರೆ ವಂಚನೆ. ಸಿಪ್‌ನ ವಾಡಿಕೆಯ ಪೋರ್ಟ್, ಅಂದರೆ ಸಂಪರ್ಕದ ದ್ವಾರ, 5060 ಅನ್ನು ಅಂತರ್ಜಾಲಕ್ಕೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಬೇಗನೆ ಮುತ್ತಿಕೊಳ್ಳುತ್ತವೆ, ದುರ್ಬಲ ಪಾಸ್‌ವರ್ಡ್ ಒಂದು ಸಿಕ್ಕರೆ ರಾತ್ರೋರಾತ್ರಿ ದುಬಾರಿ ಅಂತರರಾಷ್ಟ್ರೀಯ ಸಂಖ್ಯೆಗಳಿಗೆ ಕರೆಗಳು ಹರಿಯುತ್ತವೆ. ಟ್ರಂಕ್ ಒದಗಿಸುವವರ ವಿಳಾಸಗಳಿಗೆ ಮಾತ್ರ ಫೈರ್‌ವಾಲ್ ತೆರೆದಿದ್ದೇನೆ, ಅಂತರರಾಷ್ಟ್ರೀಯ ಕರೆಗಳನ್ನು ಪೂರ್ತಿ ಮುಚ್ಚಿದ್ದೇನೆ, ಜೊತೆಗೆ ಒದಗಿಸುವವರ ಕಡೆಯಿಂದಲೇ ಖರ್ಚಿಗೆ ದಿನದ ಮಿತಿ ಹಾಕಿಸಿದ್ದೇನೆ.

ಟ್ರಂಕ್ ಒದಗಿಸುವವರನ್ನು ಆರಿಸುವಾಗ ಬೆಲೆಗಿಂತ ಮುಖ್ಯವಾಗಿ ಕೇಳಿದ್ದು, ನಮ್ಮ ಸರ್ವರ್ ಸಂಪರ್ಕಕ್ಕೆ ಸಿಗದಿದ್ದಾಗ ಕರೆಯನ್ನು ತಮ್ಮ ಮಟ್ಟದಲ್ಲೇ ಮೊಬೈಲ್ ಸಂಖ್ಯೆಗೆ ತಿರುಗಿಸುತ್ತಾರೆಯೇ ಎಂದು. ಒಂದೆರಡು ಕಡೆ ಇದಕ್ಕೆ ನೇರ ಉತ್ತರವೇ ಸಿಗಲಿಲ್ಲ. ಅವರನ್ನು ಅಲ್ಲಿಗೇ ಕೈಬಿಟ್ಟೆ.

ಈಗಿನ ಸ್ಥಿತಿ

ತಾಮ್ರದ ತಂತಿಯ ಫೋನಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ಬರುತ್ತದೆ, ಐಪಿ ಫೋನಿಗೆ ಬರುವುದಿಲ್ಲ. ಹಾಗಾಗಿ ಜಾಲದ ಕೇಬಲ್‌ನಲ್ಲೇ ವಿದ್ಯುತ್ ಕೊಡುವ ಸ್ವಿಚ್ ಅಳವಡಿಸಿ, ಅದನ್ನೂ ಮೋಡೆಮ್, ರೂಟರ್, ಸರ್ವರ್‌ಗಳನ್ನೂ ಒಂದೇ ಯುಪಿಎಸ್‌ಗೆ ಜೋಡಿಸಲಾಗಿದೆ. ಫ್ಯಾಕ್ಸ್ ಮತ್ತು ಅಗ್ನಿ ಎಚ್ಚರಿಕೆಯ ಸಾಲನ್ನು ಮುಟ್ಟಿಲ್ಲ. ಅವೆರಡೂ ಸದ್ಯಕ್ಕೆ ಹಳೆಯ ತಂತಿಯಲ್ಲೇ ಇರುತ್ತವೆ.

ಸ್ವಾಗತ ಮೇಜು ಮತ್ತು ಲೆಕ್ಕಪತ್ರ ವಿಭಾಗದಲ್ಲಿ ಹೊಸ ಫೋನುಗಳು ತಾತ್ಕಾಲಿಕ ಸಂಖ್ಯೆಯಲ್ಲಿ ಓಡುತ್ತಿವೆ. ಬ್ಯಾಂಕಿನ ಸ್ವಯಂಚಾಲಿತ ಸೇವೆಗೆ ಒತ್ತಿದ ಅಂಕೆಗಳು ಆಗಾಗ ತಲುಪುತ್ತಿರಲಿಲ್ಲ. ಅಂಕೆಯ ಸಂಕೇತವನ್ನು ಧ್ವನಿಯೊಳಗೆ ಬೆರೆಸಿ ಕಳಿಸುವ ಬದಲು ಆರ್‌ಎಫ್‌ಸಿ 4733 ಎಂಬ ಇಂಟರ್ನೆಟ್ ಮಾನದಂಡದ ಪ್ರಕಾರ ಪ್ರತ್ಯೇಕ ಘಟನೆಯಾಗಿ ಕಳಿಸುವಂತೆ ಎರಡೂ ಕಡೆ ಹೊಂದಿಸಿದಾಗ ಅದು ಸರಿಹೋಯಿತು. ಮುಖ್ಯ ಸಂಖ್ಯೆಯನ್ನು ಬದಲಿಸದೆ ಹೊಸ ಸೇವೆಗೆ ವರ್ಗಾಯಿಸುವ, ಅಂದರೆ ಪೋರ್ಟ್ ಮಾಡುವ, ಅರ್ಜಿ ಇನ್ನು ಸಲ್ಲಿಸಬೇಕಿದೆ. ಹಳೆಯ ಸೇವೆಯನ್ನು ಮೊದಲೇ ರದ್ದುಗೊಳಿಸಿದರೆ ಸಂಖ್ಯೆಯೇ ಕೈತಪ್ಪಬಹುದಾದ್ದರಿಂದ, ಪೋರ್ಟ್ ಮುಗಿದು ಒಳಬರುವ ಕರೆಗಳು ಹೊಸ ಟ್ರಂಕ್‌ನಲ್ಲಿ ಬರುತ್ತಿರುವುದನ್ನು ಖಚಿತಪಡಿಸಿಕೊಳ್ಳುವವರೆಗೆ ಎರಡೂ ಕಡೆಯ ಬಿಲ್ಲುಗಳನ್ನು ಕಟ್ಟುತ್ತಿರಬೇಕೆಂದು ಲೆಕ್ಕಪತ್ರ ವಿಭಾಗಕ್ಕೆ ಬರೆದು ಕೊಟ್ಟಿದ್ದೇನೆ.