ನಿಂತಲ್ಲೇ ದಿಕ್ಕು ಹೇಳುವ ಜಿಪಿಎಸ್ ಬೇಕಿತ್ತು

ಕಾಲುದಾರಿ ಇರುವ ಬೆಟ್ಟಕ್ಕೆ ಫೋನ್ ಧಾರಾಳ ಸಾಕು. ಹಾದಿಯೇ ಇಲ್ಲದ ಕಡೆ ನಡೆಯುವ ಹುಚ್ಚು ಹಿಡಿದ ಮೇಲೆ ಮಾತ್ರ ಬೇರೆ ಏನಾದರೂ ಬೇಕು ಅನ್ನಿಸತೊಡಗಿತು. ಏನು ಕೊಳ್ಳೋದು ಅಂತ ಓದಿದಷ್ಟೂ ಗೊಂದಲ ಜಾಸ್ತಿಯಾಯಿತು. ಕೊನೆಗೆ ಗೆಳೆಯರಿಬ್ಬರನ್ನು ಒಪ್ಪಿಸಿದೆ. ಮೂವರೂ ಒಂದೊಂದು ಸಾಧನ ಹಿಡಿದು ಹಾದಿಯಿಲ್ಲದ ಬೆಟ್ಟವೊಂದಕ್ಕೆ ಹೊರಟೆವು. ನನ್ನ ಹತ್ತಿರ ಫೋನ್, ಒಬ್ಬನ ಕೈಯಲ್ಲಿ ಜಿಪಿಎಸ್ ಗಡಿಯಾರ, ಇನ್ನೊಬ್ಬನ ಬಳಿ ಗುಂಡಿ ಒತ್ತುವ ಹಳೇ ಜಿಪಿಎಸ್.

ಬೆಳಿಗ್ಗೆಯೆಲ್ಲ ಫೋನಿನದೇ ಮೇಲುಗೈ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ ಏರೋಪ್ಲೇನ್ ಮೋಡ್‌ಗೆ ಹಾಕಿದ್ದೆ. ನೆಟ್‌ವರ್ಕ್ ಹೋದರೆ ಜಿಪಿಎಸ್ ಕೂಡ ಹೋಗುತ್ತದೆ ಎಂದು ಈಗಲೂ ಎಷ್ಟೋ ಜನ ನಂಬಿದ್ದಾರೆ. ಹಾಗೇನಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತ ಹಿಡಿಯಲು ಸಿಮ್ ಬೇಕಿಲ್ಲ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಾಂಟೂರ್ ಗೆರೆಗಳು ದೊಡ್ಡ ಪರದೆಯಲ್ಲಿ ಚೆನ್ನಾಗಿ ಕಾಣುತ್ತಿದ್ದವು. ಎಲ್ಲಿ ಏಣು, ಎಲ್ಲಿ ಕೊರಕಲು ಎಂದು ಥಟ್ಟನೆ ಗೊತ್ತಾಗುತ್ತಿತ್ತು. ಗಡಿಯಾರದವನು ಅದೇ ಗೆರೆಗಳನ್ನು ಕಣ್ಣು ಕಿರಿದು ಮಾಡಿ ನೋಡಿ ನೋಡಿ ಸುಮ್ಮನಾದ. ಬಂದ ದಾರಿಯಲ್ಲೇ ಹಿಂದಿರುಗಲು ಗಡಿಯಾರ ಒಳ್ಳೇದು. ಮುಂದೆ ಎಲ್ಲಿ ಇಳಿಯಬೇಕು ಎಂದು ಯೋಚಿಸೋಕೆ ಅಷ್ಟು ಚಿಕ್ಕ ಪರದೆ ಸಾಲದು.

ಕೊರಕಲಿಗೆ ಇಳಿದಾಗ ಒಂದು ತಮಾಷೆ ಆಯಿತು. ಎರಡೂ ಕಡೆ ಬಂಡೆ ಗೋಡೆ. ಸಂಕೇತ ಬಂಡೆಗೆ ಬಡಿದು ಸುತ್ತಿ ಬಂದರೆ ದೂರದ ಲೆಕ್ಕ ಕೆಡುತ್ತದೆ. ಹಳೇ ಜಿಪಿಎಸ್ ನಮ್ಮನ್ನು ತೊರೆಯ ಆಚೆ ದಡದಲ್ಲಿ ತೋರಿಸಿತು. ಫೋನ್ ಈಚೆ ದಡದಲ್ಲೇ ಇಟ್ಟಿತ್ತು. ನನ್ನ ಫೋನು ಉಪಗ್ರಹಗಳ ಎಲ್1, ಎಲ್5 ಎಂಬ ಎರಡು ಫ್ರೀಕ್ವೆನ್ಸಿ ಹಿಡಿಯುತ್ತದೆ, ಹಳೇದು ಒಂದನ್ನೇ. ಎರಡಿದ್ದರೆ ಹೀಗೆ ಬಡಿದು ಬಂದ ಸಂಕೇತದಿಂದ ಲೆಕ್ಕ ಕೆಡೋದು ಕಮ್ಮಿ.

"ನೋಡಿದ್ಯಾ?" ಅಂದೆ.

"ತೊರೆ ಎದುರಿಗೇ ಇದೆ, ನಿನ್ನ ಕಣ್ಣಿಗೆ ಕಾಣ್ತಿಲ್ವಾ?" ಅಂದ ಅವನು.

ಅವನು ಹೇಳಿದ್ದು ಸರಿ. ಯಂತ್ರ ಹತ್ತು ಮೀಟರ್ ಆಚೀಚೆ ತೋರಿಸಿದರೆ ಇಲ್ಲಿ ತಪ್ಪಿಹೋಗೋಕೆ ಹಾದಿಯೇ ಇಲ್ಲವಲ್ಲ.

ಮಧ್ಯಾಹ್ನ ಮಳೆ ಶುರುವಾಯಿತು. ಪರದೆಯ ಮೇಲೆ ಬಿದ್ದ ಹನಿಯನ್ನೇ ಬೆರಳು ಅಂದುಕೊಂಡು ಫೋನಿನ ನಕ್ಷೆ ಎಲ್ಲೆಲ್ಲೋ ಜಾರಿತು. ಒರೆಸಿದರೆ ಇನ್ನಷ್ಟು ಜಾರಿತು. ಹಳೇ ಯಂತ್ರದವನು ಗ್ಲೌಸ್ ಹಾಕಿಕೊಂಡೇ ಗುಂಡಿ ಒತ್ತುತ್ತಿದ್ದ.

ನೆತ್ತಿ ಮುಟ್ಟುವಷ್ಟರಲ್ಲಿ ಮಂಜು ಮುಸುಕಿತ್ತು. ಅಲ್ಲಿಂದ ಎರಡು ಏಣುಗಳು ಕವಲೊಡೆದು ಇಳಿಯುತ್ತವೆ. ಒಂದು ನಮಗೆ ಬೇಕಾದ ಕಣಿವೆಗೆ, ಇನ್ನೊಂದು ಬೆಟ್ಟದ ಆಚೆ ಬದಿಗೆ. ಇಲ್ಲಿ ಹಳೇ ಯಂತ್ರದ ಬಾಣ ಕೈಕೊಟ್ಟಿತು. ಅದರೊಳಗೆ ದಿಕ್ಸೂಚಿ ಇರಲಿಲ್ಲ. ಜಿಪಿಎಸ್‌ಗೆ ನಾವು ಯಾವ ಕಡೆ ಚಲಿಸುತ್ತಿದ್ದೇವೆ ಎಂದು ಗೊತ್ತೇ ಹೊರತು ಯಾವ ಕಡೆ ಮುಖ ಮಾಡಿ ನಿಂತಿದ್ದೇವೆ ಎಂದು ಗೊತ್ತಾಗುವುದಿಲ್ಲ. ನಿಂತರೆ ಬಾಣ ಸುಮ್ನೆ ಅತ್ತಿತ್ತ ತಿರುಗುತ್ತದೆ. ಅವನು ಮಂಜಿನಲ್ಲಿ ನಾಲ್ಕು ಹೆಜ್ಜೆ ನಡೆದು ನೋಡುತ್ತಿದ್ದ, ನಾನು ಜೇಬಿನಿಂದ ಮುಳ್ಳಿನ ದಿಕ್ಸೂಚಿ ತೆಗೆದೆ. ನೋಡಿ, ಹಾದಿ ಇದ್ದರೆ ನಡೀತಾ ನಡೀತಾ ನೋಡಿದರೆ ಆಯಿತು. ಹಾದಿ ಇಲ್ಲದ ಕಡೆ ಎಲ್ಲ ತೀರ್ಮಾನವೂ ನಿಂತಲ್ಲೇ ಆಗಬೇಕು. ನನಗೆ ಎಂಥ ಯಂತ್ರ ಬೇಕು ಅನ್ನೋದು ಖಚಿತವಾಗಿದ್ದು ಅಲ್ಲೇ.

ಇಳಿಯುವಾಗ ಒಂದು ಕಡೆ ಬಂಡೆ ಕಡಿದಾಗಿ ಇಳಿದಿತ್ತು. ಎರಡು ಆಳಿಗಿಂತ ಎತ್ತರ. ನಕ್ಷೆಯಲ್ಲಿ ಅದರ ಸುಳಿವೇ ಇಲ್ಲ. ಪ್ರತಿ 20 ಮೀಟರ್ ಎತ್ತರಕ್ಕೊಂದು ಗೆರೆ ಇರುವ ನಕ್ಷೆಯಲ್ಲಿ ಅಷ್ಟು ಬಂಡೆ ಗೆರೆಗಳ ನಡುವೆ ಆರಾಮಾಗಿ ಅಡಗುತ್ತದೆ. ಎಷ್ಟು ದುಬಾರಿ ಯಂತ್ರವಾದರೂ ನಕ್ಷೆಯಲ್ಲಿ ಇಲ್ಲದ್ದನ್ನು ತೋರಿಸಲಾರದು. ವಾಪಸ್ ಹತ್ತಿ ಸುತ್ತು ಹಾಕಿ ಇಳಿದೆವು.

ಆಮೇಲೆ ಆಯ್ಕೆ ಸುಲಭವಾಯಿತು. ಗಾರ್ಮಿನ್ ಜಿಪಿಎಸ್‌ಮ್ಯಾಪ್ 67 ಮೇಲೆ ಆಸೆಯಿತ್ತು. ಎರಡು ಫ್ರೀಕ್ವೆನ್ಸಿ, ಒಮ್ಮೆ ಚಾರ್ಜ್ ಮಾಡಿದರೆ 180 ಗಂಟೆವರೆಗೆ ಬರುತ್ತದೆ ಎನ್ನುತ್ತದೆ ಕಂಪನಿ. ಆದರೆ ಬ್ಯಾಟರಿ ಒಳಗೇ ಕೂತಿದೆ. ನನಗೆ ಸೆಲ್ ಬದಲಿಸುವಂಥದ್ದೇ ಬೇಕಿತ್ತು. ಅದೇ ಕಂಪನಿಯ ಇಟ್ರೆಕ್ಸ್ 22ಎಕ್ಸ್, 32ಎಕ್ಸ್ ಎರಡಕ್ಕೂ ಎರಡು ಎಎ ಸೆಲ್ ಸಾಕು, ಸುಮಾರು 25 ಗಂಟೆ. ಲಿಥಿಯಂ ಸೆಲ್ ಹಾಕಿದರೆ ಚಳಿಗೂ ಬೇಗ ಸೊರಗುವುದಿಲ್ಲ. 22ಎಕ್ಸ್‌ನಲ್ಲಿ ದಿಕ್ಸೂಚಿ ಇಲ್ಲ. 32ಎಕ್ಸ್‌ನಲ್ಲಿ ಅದೂ ಇದೆ, ಗಾಳಿಯ ಒತ್ತಡದಿಂದ ಎತ್ತರ ಹೇಳುವ ಮಾಪಕವೂ ಇದೆ. ಅದನ್ನೇ ಕೊಂಡೆ. ಪರದೆ 2.2 ಇಂಚು ಅಷ್ಟೇ. ಹಾಗಾಗಿ ದೊಡ್ಡ ನಕ್ಷೆ ನೋಡೋಕೆ ಫೋನ್ ಈಗಲೂ ಚೀಲದಲ್ಲಿರುತ್ತದೆ.

ಒಂದೇ ಕಿರಿಕಿರಿ. ಸೆಲ್ ಬದಲಿಸಿದಾಗೆಲ್ಲ ದಿಕ್ಸೂಚಿಯನ್ನು ಮತ್ತೆ ಹೊಂದಿಸಬೇಕು. ಯಂತ್ರವನ್ನು ಕೈಯಲ್ಲಿ ಹಿಡಿದು ಅಡ್ಡ, ಉದ್ದ, ಓರೆಯಾಗಿ ನಿಧಾನಕ್ಕೆ ತಿರುಗಿಸುತ್ತಾ ನಿಲ್ಲುತ್ತೇನೆ. ಗಡಿಯಾರದವನು ಪಕ್ಕದಲ್ಲೇ ನಿಂತು ಮಂತ್ರ ಹೇಳುತ್ತಾನೆ.