ನೀನು ಡಾಕ್ಟರಾ, ಇಂಜಿನಿಯರಾ?

ಶ್ರೀನಿವಾಸಪುರದಲ್ಲಿ ಬಸ್ಸಿಳಿದು ಊರಿಗೆ ಆಟೊ ಹತ್ತಿದರೆ ಸಾಕು, ಯಾರಾದರೂ ಕೇಳೇ ಕೇಳುತ್ತಾರೆ. ‘ಬೆಂಗಳೂರಲ್ಲಿ ಅದೇನೋ ಓದ್ತಿದೀಯಂತಲ್ಲ, ಡಾಕ್ಟರಾ, ಇಂಜಿನಿಯರಾ?’ ಎರಡೂ ಅಲ್ಲ. ಎಂ.ಎಸ್ಸಿ, ಮೆಡಿಕಲ್ ಫಿಸಿಕ್ಸ್. ಹಾಗಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಪಾಪ, ಮುಂದೆ ಏನು ಕೇಳಬೇಕು ಅಂತ ಅವರಿಗೂ ಗೊತ್ತಾಗುವುದಿಲ್ಲ.

ದೊಡ್ಡಮ್ಮ ಮಾತ್ರ ಬಿಡುವವರಲ್ಲ. ‘ಕ್ಯಾನ್ಸರ್‌ಗೆ ಕರೆಂಟ್ ಕೊಡ್ತಾರಲ್ಲ, ಅದಾ?’ ಹೂಂ, ಅದೇ. ಆದರೆ ಅದು ಕರೆಂಟಲ್ಲ. ಎಕ್ಸ್‌ರೇ ಜಾತಿಯದೇ ಕಿರಣ, ಎದೆಯ ಫೋಟೊ ತೆಗೆಯುವುದಕ್ಕಿಂತ ಎಷ್ಟೋ ಜೋರಿನದು. ಎಲ್ಲಿಗೆ, ಎಷ್ಟು ಅಂತ ಹೇಳುವವರು ಡಾಕ್ಟರು. ಅಷ್ಟೇ ಡೋಸ್ ಅದೇ ಜಾಗಕ್ಕೆ ಬೀಳುವಂತೆ ಲೆಕ್ಕ ಹಾಕುವುದು, ಮೆಷಿನ್ ನಿಜವಾಗಿ ಎಷ್ಟು ಕೊಡುತ್ತಿದೆ ಅಂತ ಅಳೆಯುವುದು ನಮ್ಮ ಕೆಲಸ. ಈ ಅಳತೆಗೆ ಗ್ರೇ ಅಂತ ಹೆಸರು. ದಿನಕ್ಕೆ 2 ಗ್ರೇಯಂತೆ 25 ಸಲ ಕೊಟ್ಟರೆ 50 ಗ್ರೇ. ಜಾಸ್ತಿಯಾದರೆ ಪಕ್ಕದ ಅಂಗಕ್ಕೆ ಪೆಟ್ಟು, ಕಮ್ಮಿಯಾದರೆ ಗಡ್ಡೆ ಉಳಿದುಬಿಡಬಹುದು.

‘ಅಂದ್ರೆ ಡೇರಿ ಸೆಕ್ರೆಟರಿ ಕೆಲಸ’ ಅಂದರು ದೊಡ್ಡಮ್ಮ. ಡೇರಿಗೆ ಬಂದ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, ನೀರು ಬೆರೆತಿದೆಯಾ ಅಂತ ಡಿಗ್ರಿ ನೋಡುವವರು ಅವರು. ಆಗ ನಕ್ಕೆ. ಆಮೇಲೆ ಮೊದಲ ವರ್ಷದ ಪ್ರಾಕ್ಟಿಕಲ್ ಬಂತು.

ಮೆಷಿನ್ ಕೆಳಗೆ ನೀರು ತುಂಬಿದ ಚೌಕದ ತೊಟ್ಟಿ. ಅದರಲ್ಲಿ 10 ಸೆಂಟಿಮೀಟರ್ ಆಳಕ್ಕೆ ಪೆನ್ಸಿಲಿನಂಥ ಒಂದು ಕಡ್ಡಿ, ಅಯಾನ್ ಚೇಂಬರ್. ತುದಿಯಲ್ಲಿ 0.6 ಸಿಸಿ ಗಾಳಿ, ಅಷ್ಟೇ. ಕಿರಣ ಆ ಗಾಳಿಗೆ ಬಡಿದಾಗ ಹುಟ್ಟುವ ವಿದ್ಯುತ್ತನ್ನು ಅಳೆದು ಡೋಸ್ ಲೆಕ್ಕ ಹಾಕಬೇಕು. ಹಾಕಿದೆ. ಬರಬೇಕಾದದ್ದಕ್ಕಿಂತ ಶೇ 10ರಷ್ಟು ಕಮ್ಮಿ ಬಂತು. ಮೆಷಿನ್ ಕೆಟ್ಟಿದೆ ಅಂತ ಓಡಿಹೋಗಿ ಸರ್‌ಗೆ ಹೇಳಿದೆ. ಅವರು ನನ್ನ ಪುಸ್ತಕ ನೋಡಿ, ‘ಏನಮ್ಮ, ಇದು ಮಂಗಳೂರಾ?’ ಅಂದರು.

ನಾನು ಲೆಕ್ಕಕ್ಕೆ ಬಳಸಿದ ಸೂತ್ರ ಹೊಂದಿಸಿರುವುದು ಸಮುದ್ರಮಟ್ಟದ ಗಾಳಿಗೆ, 101.3 ಕಿಲೋಪಾಸ್ಕಲ್ ಒತ್ತಡಕ್ಕೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಒತ್ತಡ 91ರ ಆಸುಪಾಸು. ಗಾಳಿ ತೆಳು, ಚೇಂಬರಿನಲ್ಲಿ ಸಿಗುವ ವಿದ್ಯುತ್ತೂ ಕಮ್ಮಿ. ಒತ್ತಡ, ಉಷ್ಣಾಂಶ ಎರಡನ್ನೂ ನೋಡಿ ತಿದ್ದಬೇಕಿತ್ತು. ಬ್ಯಾರೋಮೀಟರ್ ನನ್ನ ಪಕ್ಕದಲ್ಲೇ ಇತ್ತು! ನನ್ನ ಲೆಕ್ಕ ನಂಬಿ ಯಾರಾದರೂ ಮೆಷಿನ್ನಿನ ಡೋಸ್ ಏರಿಸಿದ್ದರೆ, ಆಮೇಲೆ ಬಂದ ಒಬ್ಬೊಬ್ಬರಿಗೂ ಅಷ್ಟು ಜಾಸ್ತಿ ಬೀಳುತ್ತಿತ್ತು.

ಊರಿಗೆ ಬಂದು ಇದನ್ನು ಹೇಳಿದರೆ ದೊಡ್ಡಮ್ಮ ಚೂರೂ ಬೆರಗಾಗಲಿಲ್ಲ. ‘ಆಗ ತಾನೆ ಕರೆದ ಬಿಸಿ ಹಾಲಿಗೆ ಡಿಗ್ರಿ ಕಮ್ಮಿ ತೋರ್ಸಲ್ವೇನೆ? ನೀರು ಬೆರೆಸಿದೀಯ ಅಂತ ಅಂದುಬಿಡ್ತಾರೆ. ಆರಿದ ಮೇಲೆ ನೋಡ್ಬೇಕು.’ ಲ್ಯಾಕ್ಟೋಮೀಟರಿಗೂ ಉಷ್ಣಾಂಶದ ತಿದ್ದುಪಡಿ ಇದೆ. ಅದನ್ನು ನಾನು ಎಂ.ಎಸ್ಸಿಗೆ ಹೋಗಿ ಕಲಿಯಬೇಕಾಯಿತು.

ಬಯೋಮೆಡಿಕಲ್ ಇಂಜಿನಿಯರಿಂಗ್ ಇದೇನಾ ಅಂತಲೂ ಕೇಳುತ್ತಾರೆ. ಅಲ್ಲ, ಅಕ್ಕತಂಗಿ ಅನ್ನಬಹುದು. ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದಲ್ಲಿ ಎರಡೂ ಸೇರಿ ಒಂದೇ ವಿಭಾಗ. ಬಯೋಮೆಡಿಕಲ್‌ನವರು ಯಂತ್ರ ಕಟ್ಟುವವರು. ಇಸಿಜಿಯನ್ನೇ ನೋಡಿ: ಎದೆಯ ಚರ್ಮದ ಮೇಲೆ ಸಿಗುವ ಸಿಗ್ನಲ್ 1 ಮಿಲಿವೋಲ್ಟಿನಷ್ಟು, ಅದರೊಳಗೆ ಗೋಡೆಯ ವೈರಿನ 50 ಹರ್ಟ್ಜ್ ಗುಂಯ್‌ಗುಟ್ಟುತ್ತಿರುತ್ತದೆ. ಅದನ್ನು ಸೋಸಿ ತೆಗೆಯುವುದು ಅವರ ತಲೆನೋವು.

ಬಿ.ಎಸ್ಸಿಯಲ್ಲಿ ಫಿಸಿಕ್ಸ್ ಓದಿದವರು ನಮ್ಮ ಕಡೆ ಬರಬಹುದು. ಎರಡು ವರ್ಷದ ಓದಿನ ನಂತರ ಆಸ್ಪತ್ರೆಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್ ಮಾಡಲೇಬೇಕು, ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ಹಾಗಾಗಿ ಮನೆಯಲ್ಲಿ ಮೂರು ವರ್ಷ ಅಂತಲೇ ಹೇಳಿಬಿಡಿ.

‘ವಿಕಿರಣ ಅಂದ್ರೆ ಹುಡುಗೀರಿಗೆ ಒಳ್ಳೇದಲ್ವಂತೆ’ ಅನ್ನುವ ಮಾತೂ ಬರುತ್ತದೆ, ಸಾಮಾನ್ಯವಾಗಿ ಮದುವೆ ಮಾತಿನ ಜೊತೆಗೆ. ಈ ಮೆಷಿನ್ ಸ್ವಿಚ್ ಹಾಕಿದಾಗ ಮಾತ್ರ ಕಿರಣ ಬಿಡುತ್ತದೆ, ನಾವು ಆಗ ದಪ್ಪ ಕಾಂಕ್ರೀಟ್ ಗೋಡೆಯ ಆಚೆ ಇರುತ್ತೇವೆ. ನಮಗೆ ಎಷ್ಟು ವಿಕಿರಣ ಬಿತ್ತು ಅಂತ ಅಳೆಯುವ, ಎದೆ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತದೆ.

ಈಗೀಗ ಯಾರಾದರೂ ಕೇಳಿದರೆ ದೊಡ್ಡಮ್ಮನೇ ಉತ್ತರ ಕೊಡುತ್ತಾರೆ: ‘ಕರೆಂಟಿಗೆ ಡಿಗ್ರಿ ನೋಡೋ ಕೆಲಸ.’ ಕರೆಂಟಲ್ಲ ಅಂತ ತಿದ್ದುವುದನ್ನು ನಾನು ಬಿಟ್ಟಿದ್ದೇನೆ.